ಮೀನಿನ ತಲೆ ಯಾವ ಕಡೆ

ನಮ್ಮ ಮನೆಯಲ್ಲಿ ಯಾರೂ ಯಾವುದನ್ನೂ ಮೊದಲ ಮಾತಿಗೇ ನಂಬುತ್ತಿರಲಿಲ್ಲ. ಹಾಲು ಬಂದರೆ ಅಮ್ಮಿ ಒಂದು ಹನಿಯನ್ನು ಉಗುರಿನ ಮೇಲೆ ಬಿಟ್ಟು ಅದು ಜಾರುತ್ತದೋ ನಿಲ್ಲುತ್ತದೋ ನೋಡುತ್ತಿದ್ದಳು. ಚಾಚಿ ಗಿರಣಿಯಿಂದ ಬಂದ ಜೋಳದ ಹಿಟ್ಟನ್ನು ಅಂಗೈಯಲ್ಲಿ ಉಜ್ಜಿ ಮೂಸಿ, ಇದು ನಮ್ಮ ಜೋಳವೋ ನಮಗಿಂತ ಮುಂಚೆ ಬೀಸಿಸಿದವರದೋ ಎಂದು ತೀರ್ಮಾನ ಕೊಡುತ್ತಿದ್ದಳು. ನಮ್ಮಜ್ಜಿ ದಾದಿಯಂತೂ ಮಸೀದಿಯಿಂದ ಅಜಾನ್ ಕೇಳಿದ ಮೇಲೂ ಅಂಗಳಕ್ಕೆ ಬಂದು, ಆಕಾಶವನ್ನು ತಾನೇ ಒಮ್ಮೆ ನೋಡಿ, ಆಮೇಲೆ ಖರ್ಜೂರ ಬಾಯಿಗಿಟ್ಟು ರೋಜಾದ ಉಪವಾಸ ಬಿಡುತ್ತಿದ್ದಳು. "ಅಂವನ ಗಡಿಯಾರ ಮುಂದ ಓಡಿದ್ರ ನನ್ನ ರೋಜಾ ಅಂವ ತುಂಬಿ ಕೊಡ್ತಾನೇನು?" ಎಂಬುದು ಅವಳ ವಾದ. ಶಾಲೆಯ ಚರ್ಚಾ ಸ್ಪರ್ಧೆಗಳಲ್ಲಿ ನಾನು ಗೆಲ್ಲುವುದಕ್ಕೆ ಕನ್ನಡ ಟೀಚರು ಕೊಟ್ಟ ತರಬೇತಿ ಕಾರಣ ಎಂದು ಊರವರು ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಟೀಚರು ನಿಲ್ಲುವುದನ್ನೂ, ಕೈ ಎಲ್ಲಿಡಬೇಕೆಂಬುದನ್ನೂ ಕಲಿಸಿದರು. ಅನುಮಾನ ನನಗೆ ಹಾಲು-ಹಿಟ್ಟಿನ ಜೊತೆಗೇ ಬಂದದ್ದು.

ಜೇವರ್ಗಿಯ ಹಳೆ ಊರಿನಲ್ಲಿ ನಮ್ಮ ಓಣಿ ಎಷ್ಟು ಇಕ್ಕಟ್ಟೆಂದರೆ, ಎದುರು ಮನೆಯ ನೀಲವ್ವ ತನ್ನ ಹೊಸ್ತಿಲಲ್ಲಿ ಕೂತು ಬಳ್ಳೊಳ್ಳಿ ಸುಲಿದರೆ ಸಿಪ್ಪೆ ನಮ್ಮ ಹೊಸ್ತಿಲಿಗೆ ಬೀಳುತ್ತಿತ್ತು. ಹಾಗಾಗಿ ಅಬ್ಬಾನ ಮೋಟರ್‌ಸೈಕಲ್ ಮನೆಯೊಳಗೇ, ಮುಂದಿನ ಖೋಲಿಯಲ್ಲಿ ನಿಲ್ಲುತ್ತಿತ್ತು. ಶಹಾಬಾದ ಕಲ್ಲಿನ ನೆಲದ ಮೇಲೆ ಅದರ ಎಣ್ಣೆ ಸೋರಿ ಆದ ಕಪ್ಪು ಕಲೆ ಅಂಗೈಯಗಲ. ಅಮ್ಮಿ ಅದನ್ನು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಗಾಡಿಯ ಪಕ್ಕದಲ್ಲೇ ದಾದಿಯ ಮಂಚ. ಬಂದ ನೆಂಟರು ಒಂದು ಕಡೆ ದಾದಿಯನ್ನೂ ಇನ್ನೊಂದು ಕಡೆ ಗಾಡಿಯನ್ನೂ ಇಟ್ಟುಕೊಂಡು ಚಹಾ ಕುಡಿಯಬೇಕಿತ್ತು. ಆ ಸೀಟಿನ ಮೇಲೆ ಪುಸ್ತಕ ಹರಡಿಕೊಂಡು ನಾನು ಓದುತ್ತಿದ್ದೆ. ಅಬ್ಬಾ ಹಿಟ್ಟಿನ ಗಿರಣಿಗಳ ಕಲ್ಲಿಗೆ ಹಲ್ಲು ಕಡಿಯುವವರು. ಬೀಸಿ ಬೀಸಿ ನುಣುಪಾದ ಕಲ್ಲನ್ನು ಉಳಿ-ಸುತ್ತಿಗೆಯಿಂದ ಮತ್ತೆ ಒರಟು ಮಾಡಿಕೊಡುವ ಕೆಲಸ. ಅಂದೋಲಾ, ಇಜೇರಿ, ಯಡ್ರಾಮಿ ಎಂದು ವಾರವೆಲ್ಲ ಗಾಡಿಯ ಮೇಲೆಯೇ. ಮಳೆ ಬಿದ್ದರೆ ಆ ದಾರಿಗಳ ಎರೆಮಣ್ಣು ಚೈನಿನ ಮುಚ್ಚಳದೊಳಗೆ ಸೇರಿ ಕಲ್ಲಾಗುತ್ತಿತ್ತು. ಬೇಸತ್ತು ಅಬ್ಬಾ ಮುಚ್ಚಳವನ್ನೇ ಬಿಚ್ಚಿ ಅಟ್ಟಕ್ಕೆ ಹಾಕಿದ್ದರು. ಆದ್ದರಿಂದ ನಮ್ಮ ಗಾಡಿಯ ಚೈನು ಸದಾ ಬೆತ್ತಲೆ. ನಾನು ಅದನ್ನು ನೋಡುತ್ತ ಬೆಳೆದೆ.

ಅದೇ ಮನೆಯ ಇನ್ನರ್ಧದಲ್ಲಿ ಮಹಿಬೂಬ್ ಚಾಚಾ ಮತ್ತು ಚಾಚಿ. ಚಾಚಾ ಅಬ್ಬಾನ ತಮ್ಮ. ಬಸ್‌ಸ್ಟ್ಯಾಂಡಿನಾಚೆ ಅವನದೊಂದು ಗ್ಯಾರೇಜು. ಅಡುಗೆಮನೆ ಮಾತ್ರ ಒಂದೇ: ರೊಟ್ಟಿ ಚಾಚಿಯದು, ಪಲ್ಯ ಅಮ್ಮಿಯದು. ನಮ್ಮ ಮನೆಮಾತು ದಖನಿ, ಆದರೆ ದಾದಿ ಇಜೇರಿಯ ಒಕ್ಕಲುತನದವರ ನಡುವೆ ಬೆಳೆದವಳಾದ್ದರಿಂದ ಮನೆಯ ಜಗಳಗಳೆಲ್ಲ ಕನ್ನಡದಲ್ಲಿ ನಡೆಯುತ್ತಿದ್ದವು. ಬೈಯಲು ಅದೇ ಅನುಕೂಲ ಎಂದು ದಾದಿ ಹೇಳುತ್ತಿದ್ದಳು. ನಾನು ಏಳನೇ ತರಗತಿಯಲ್ಲಿದ್ದಾಗ ನಡೆಯುತ್ತಿದ್ದ ಜಗಳ ಮುಂದಿನ ಖೋಲಿಯದು. ಗ್ಯಾರೇಜಿನಲ್ಲಿ ಸಾಮಾನಿಡಲು ಜಾಗ ಸಾಲುತ್ತಿಲ್ಲ, ಟೈರು-ಟ್ಯೂಬುಗಳನ್ನು ಇಲ್ಲಿಡುತ್ತೇನೆ ಎಂದು ಚಾಚಾ ಕೇಳಿದ. ಅಮ್ಮಿ ಒಪ್ಪಲಿಲ್ಲ.

"ಒಂದು ಗಾಡಿ ಎಣ್ಣಿ ಕುಡದು ಕುಂತದ, ಇನ್ನ ಗ್ಯಾರೇಜೇ ತಂದು ಇಡ್ತೀಯೇನು? ನಿನ್ನ ಟೈರಿನ ನಡುವ ನಿಮ್ಮವ್ವನ ಮಂಚ ಎಲ್ಲಿಡ್ಲಿ?"

"ನಾಕೇ ನಾಕು ಟೈರ್ ಭಾಬಿ."

"ಇವತ್ತ ನಾಕು. ನಾಳಿಗಿ ಲಾರಿ."

ಚಾಚಾ ನಕ್ಕ. ನಕ್ಕದ್ದನ್ನು ಅಮ್ಮಿ ಅನುಮಾನಿಸಿದಳು. ಅಷ್ಟು ಬೇಗ ಸೋಲು ಒಪ್ಪಿಕೊಳ್ಳುವವನ ಮನಸ್ಸಿನಲ್ಲಿ ಬೇರೇನೋ ಇರಬೇಕು ಎಂದು ಅವಳು ಪಲ್ಯ ಕೈಯಾಡಿಸುತ್ತ ನನಗೆ ಹೇಳಿದಳು.

ಆ ವಾರದ ಗುರುವಾರ ಸಂಜೆ, ಬೆಳಕಿರುವಾಗಲೇ, ಚಾಚಾ ಅಬ್ಬಾನ ಗಾಡಿಯನ್ನು ಅಂಗಳದಲ್ಲಿ ನಿಲ್ಲಿಸಿ ಚೈನಿಗೆ ಹೊಸ ಲಾಕ್ ಹಾಕಿದ. ಚೈನಿನ ಎರಡು ತುದಿಗಳನ್ನು ಕೂಡಿಸುವ ಕೊಂಡಿಗೆ ನಮ್ಮ ಕಡೆ ಲಾಕ್ ಎನ್ನುತ್ತಾರೆ. ಎರಡು ಗೂಟಗಳ ಕೊಂಡಿ, ಅದರ ಮೇಲೊಂದು ಪಟ್ಟಿ, ಪಟ್ಟಿ ಜಾರದಂತೆ ಗೂಟಗಳ ಕುತ್ತಿಗೆಗೆ ಕೂಡುವ ಬೆರಳುಗುರಿನಷ್ಟು ಕ್ಲಿಪ್ಪು. ಆ ಕ್ಲಿಪ್ಪನ್ನು ಅಂಗೈಯಲ್ಲಿಟ್ಟು ನೋಡಿದರೆ ಥೇಟ್ ಮೀನು. ಒಂದು ಕಡೆ ದುಂಡಗೆ ಮುಚ್ಚಿದ ತಲೆ, ಇನ್ನೊಂದು ಕಡೆ ಸೀಳಿದ ಬಾಲ. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆ. ಚಾಚಾ ನನ್ನನ್ನು ವಕೀಲಸಾಬ್ ಎಂದು ಕರೆಯುತ್ತಿದ್ದ.

"ವಕೀಲಸಾಬ್, ಮೀನಾ ಯಾವ ಕಡೆ ಮಾರಿ ಮಾಡಿ ಈಸ್ತದ?"

"ಮುಂದ."

"ಹಾಂ. ಚೈನ್ ಯಾವ ಕಡೆ ಓಡ್ತದ ಆ ಕಡೆ ತಲಿ ಇರಬೇಕು. ಬಾಲ ಮುಂದ ಆತಂದ್ರ ಒಂದು ಕಸ, ಒಂದು ಕಡ್ಡಿ ಸಿಕ್ಕರೂ ಸಾಕು, ಕ್ಲಿಪ್ಪು ಹಾರಿ ಹೊಲದಾಗ ಬೀಳ್ತದ. ಮುಂದಿಂದು ಅಲ್ಲಾ ನೋಡ್ಕೋಬೇಕು."

"ಖರೇನಾ, ಇಲ್ಲಾ ಗಿರಾಕಿಗೋಳಿಗಿ ಹೆದರಸ್ಲಿಕ್ಕಿ ಹೇಳೋದಾ?"

"ನೀ ಹುಟ್ಟಿದಾಗ ಅಳೋಕಿಂತ ಮೊದ್ಲ ಸೂಲಗಿತ್ತೀನ ಪ್ರಶ್ನೆ ಕೇಳಿರಬೇಕು ನೋಡು." ಅವನು ಇಕ್ಕಳದಿಂದ ಕ್ಲಿಪ್ಪನ್ನು ಒತ್ತಿದ. "ಕೇಳಿಸ್ತಾ? ಟಕ್ ಅನಬೇಕು. ಟಕ್ ಅನಲಿಲ್ಲಂದ್ರ ಕುಂತಿಲ್ಲ ಅಂತ. ಕಣ್ಣು ಸುಳ್ಳ ಹೇಳ್ತದ, ಇದು ಹೇಳಂಗಿಲ್ಲ."

ಕೇಳಿಸಿತು. ಹಿಂದಿನ ಹಲ್ಲುಗಾಲಿಯ ಮೇಲ್ಭಾಗದಲ್ಲಿ ಮೀನು ಎಂಜಿನ್ನಿನ ಕಡೆ ತಲೆ ಮಾಡಿ ಕೂತಿತ್ತು. ಅಬ್ಬಾ ಗಾಡಿಯನ್ನು ನೂಕಿ ಒಳಗೆ ತಂದರು.

ಮರುದಿನ ಶುಕ್ರವಾರ. ಗಂಡಸರು ಜುಮ್ಮಾ ನಮಾಜಿಗೆ ಹೋಗಿದ್ದರು, ಹೆಂಗಸರು ಅಡುಗೆಮನೆಯಲ್ಲಿ, ದಾದಿ ಒಳಗೆ ಜಾನಿಮಾಜಿನ ಚಾಪೆಯ ಮೇಲೆ ನಮಾಜಿನಲ್ಲಿ. ಶಾಲೆಯಿಂದ ಮಧ್ಯಾಹ್ನದ ಬಿಡುವಿನಲ್ಲಿ ಬಂದ ನಾನು ಖೋಲಿಯಲ್ಲಿ ಒಬ್ಬಳೇ, ಗಾಡಿಯ ಜೊತೆ. ಚಾಚಾ ಹಾಕಿದ್ದು ಸರಿ ಇದೆಯೇ ಎಂದು ನೋಡಬೇಕೆನಿಸಿತು. ಕಾರಣ ಕೇಳಿದರೆ ಕಾರಣವಿಲ್ಲ. ಆಕಾಶ ನೋಡುವ ದಾದಿಯ ಮೊಮ್ಮಗಳು ನಾನು. ನೆಲಕ್ಕೆ ಕೆನ್ನೆ ಇಟ್ಟು ನೋಡಿದೆ. ಚೈನಿನ ಕೆಳಗಿನ ಎಳೆಯಲ್ಲಿ ಹೊಸ ಲಾಕ್ ಹೊಳೆಯುತ್ತಿತ್ತು. ಮೀನಿನ ತಲೆ ಹಿಂದಿನ ಗಾಲಿಯ ಕಡೆ ಇತ್ತು.

ಗಾಡಿ ಹೋಗುವುದು ಮುಂದಕ್ಕೆ, ಮೀನು ನೋಡುವುದು ಹಿಂದಕ್ಕೆ. ನನಗೆ ಹೆದರಿಕೆಯಾಗಲಿಲ್ಲ, ಗೆದ್ದ ಸಂತೋಷವಾಯಿತು. ಗ್ಯಾರೇಜಿನ ಯಜಮಾನ, ನನಗೆ ಪಾಠ ಹೇಳಿದವನು, ತಾನೇ ತಪ್ಪು ಹಾಕಿದ್ದಾನೆ. ಅಮ್ಮಿಯ ಹೊಲಿಗೆ ಮಷೀನಿನ ಡಬ್ಬಿಯಿಂದ ಸಣ್ಣ ಸ್ಕ್ರೂಡ್ರೈವರ್ ತಂದು ಬಾಲದ ಸೀಳಿಗೆ ಕೊಟ್ಟು ಮೀಟಿದೆ. ಎರಡು ಸಲ ಜಾರಿ ಬೆರಳಿಗೆ ತಾಗಿತು, ಮೂರನೇ ಸಲಕ್ಕೆ ಕ್ಲಿಪ್ಪು ಬಂತು. ತಿರುಗಿಸಿ, ತಲೆಯನ್ನು ಮುಂದಕ್ಕೆ ಮಾಡಿ, ಹೆಬ್ಬೆರಳಿನಿಂದಲೂ ಸ್ಕ್ರೂಡ್ರೈವರಿನಿಂದಲೂ ಒತ್ತಿ ಒತ್ತಿ ಕೂಡಿಸಿದೆ. ಟಕ್ ಎಂದಿತೇ? ಅಡುಗೆಮನೆಯಲ್ಲಿ ಚಾಚಿ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನಲ್ಲಿ ಟಕ್ ಎಂದಿರಲೇಬೇಕು ಎಂದು ನಾನು ತೀರ್ಮಾನಿಸಿದೆ. ಯಾರಿಗೂ ಹೇಳಲಿಲ್ಲ. ಸೀಟು ಬಿಟ್ಟು ಗಾಡಿಯ ಬೇರೇನನ್ನೂ ಮುಟ್ಟಬಾರದೆಂದು ಅಬ್ಬಾನ ಕಟ್ಟಪ್ಪಣೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಈ ಅಸ್ತ್ರವನ್ನು ಚಾಚಾನೊಂದಿಗಿನ ಮುಂದಿನ ವಾದಕ್ಕೆ ಕಾಯ್ದಿಡೋಣ ಎಂದುಕೊಂಡೆ.

ಸೋಮವಾರ ಅಬ್ಬಾ ಅಂದೋಲಾಕ್ಕೆ ಹೊರಟವರು ಅರ್ಧ ದಾರಿಯಲ್ಲಿ ಬಿದ್ದರು. ಕ್ಲಿಪ್ಪು ಹಾರಿ, ಲಾಕ್ ಬಿಚ್ಚಿ, ಚೈನು ಮುಂದಿನ ಹಲ್ಲುಗಾಲಿಯ ಹತ್ತಿರ ಮುದ್ದೆಯಾಗಿ ಸಿಕ್ಕು, ಹಿಂದಿನ ಗಾಲಿ ಒಮ್ಮೆಲೇ ನಿಂತಿತ್ತು. ಬೆನ್ನಿಗೆ ಕಟ್ಟಿದ್ದ ಉಳಿಗಳ ಚೀಲ ಅವರ ಮೇಲೆಯೇ ಬಿತ್ತು. ಬಲಗಡೆಯ ಕೊರಳೆಲುಬು ಮುರಿಯಿತು. ಸುತ್ತಿಗೆ ಹಿಡಿಯುವ ಕೈ. ಆಸ್ಪತ್ರೆಯಿಂದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬಂದ ಅವರನ್ನು ದಾದಿಯ ಮಂಚದ ಮೇಲೆ ಕೂಡಿಸಿದರು. ಗಾಡಿ ಯಾರದೋ ಟ್ರ್ಯಾಕ್ಟರಿನಲ್ಲಿ ಬಂತು. ಮಾರನೆಯ ದಿನ ಬೆಳಗ್ಗೆ ಎಲ್ಲರೂ ಮುಂದಿನ ಖೋಲಿಯಲ್ಲಿದ್ದರು. ಚಾಚಾ ಚೈನನ್ನು ಎತ್ತಿ ಕೊಂಡಿ ಕೊಂಡಿಯಾಗಿ ನೋಡುತ್ತಿದ್ದ. ದಾದಿ ಉಪ್ಪು-ಮೆಣಸಿನಕಾಯಿ ನಿವಾಳಿಸಿ, ಯಾರ ಕಣ್ಣು ಬಿತ್ತೆಂದು ಒಬ್ಬೊಬ್ಬರ ಹೆಸರು ಹಿಡಿದು ಹೇಳುತ್ತಿದ್ದಳು.

"ಚೈನ್ ಹರಿದಿಲ್ಲ ಭಾಯ್," ಚಾಚಾ ಅಬ್ಬಾಗೆ ಹೇಳಿದ. "ಲಾಕ್ ಬಿಚ್ಚ್ಯದ. ಮಾಲೇ ಡೂಪ್ಲಿಕೇಟ್ ಇತ್ತೋ ಏನೋ."

"ಮಾಲು ಡೂಪ್ಲಿಕೇಟೋ, ಕೈ ಡೂಪ್ಲಿಕೇಟೋ?" ಅಮ್ಮಿ ಕೇಳಿದಳು.

"ಭಾಬಿ, ಹಂಗ್ಯಾಕ ಅಂತೀರಿ?"

"ಖೋಲಿ ಕೊಡಂಗಿಲ್ಲ ಅಂದ ವಾರದಾಗೇ ಹಿಂಗಾತಲ್ಲ, ಅದಕ್ಕ ಅಂತೇನಿ."

ಚಾಚಿಯ ಮುಖ ಕಪ್ಪಿಟ್ಟಿತು. ಅಬ್ಬಾ ಎಡಗೈ ಎತ್ತಿ, "ಸಾಕು ಮಾಡ್ರಿ, ಕಬ್ಬಿಣ ಅದ, ಒಮ್ಮೊಮ್ಮಿ ಬಿಚ್ತದ," ಎಂದರು. ನಮ್ಮ ಮನೆಯಲ್ಲಿ ಯಾರ ಮೇಲೂ ಅನುಮಾನವಿಲ್ಲದ ಒಬ್ಬರೇ ಅವರು. ಆದ್ದರಿಂದ ಅವರ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆಗ ನಾನು ಎದ್ದುನಿಂತೆ. ಟೀಚರು ಕಲಿಸಿದ ಹಾಗೆ, ಎಡಗೈ ಬೆನ್ನ ಹಿಂದೆ.

"ಮೊದಲನೇದು, ಲಾಕ್ ಹಾಕ್ದಾಂವ ಚಾಚಾ, ಬ್ಯಾರೆ ಯಾರೂ ಅಲ್ಲ. ಎರಡನೇದು, ತಿರುವಿ ಹಾಕಿದ್ರ ಹಾರ್ತದ ಅಂತ ಹೇಳ್ದಾಂವನೂ ಚಾಚಾನೇ. ಅಂದ್ರ ಅಂವಗ ಗೊತ್ತಿತ್ತು. ಮೂರನೇದು, ಶುಕ್ರವಾರ ನಾ ಕಣ್ಣಾರೆ ನೋಡೀನಿ. ಮೀನಿನ ತಲಿ ಹಿಂದಿನ ಗಾಲಿ ಕಡೆ ಇತ್ತು."

ಆಮೇಲೆ ನಾನೇ ಅದನ್ನು ತಿರುಗಿಸಿದೆ ಎಂಬುದನ್ನು ಹೇಳಲಿಲ್ಲ. ಸುಳ್ಳು ಹೇಳಿದೆನೆಂದು ಅಂದು ನನಗೆ ಅನಿಸಿರಲಿಲ್ಲ. ನನ್ನ ತರ್ಕ ಹೀಗಿತ್ತು: ನಾನು ಮಾಡಿದ್ದು ಸರಿ; ಆದ್ದರಿಂದ ಕೆಟ್ಟದ್ದು ನನಗಿಂತ ಮುಂಚೆಯೇ ಕೆಟ್ಟಿರಬೇಕು; ಆದ್ದರಿಂದ ನನ್ನ ಕೈಯ ವಿಷಯ ಇಲ್ಲಿ ಅಪ್ರಸ್ತುತ. ಎದುರಾಳಿ ಕೇಳದ ಪ್ರಶ್ನೆಗೆ ಉತ್ತರ ಕೊಡಬಾರದು ಎಂಬುದೂ ಚರ್ಚೆಯ ನಿಯಮ.

ಚಾಚಾ ನನ್ನನ್ನೇ ನೋಡಿದ. "ಹಿಂದ ಇತ್ತಾ? ಅವಾಗ ಲಾಕ್ ಎಲ್ಲಿತ್ತು, ಮ್ಯಾಗೋ—"

"ಹುಡುಗೀನ ಹೆದರಸಬ್ಯಾಡ," ಅಮ್ಮಿ ನಡುವೆ ಬಂದಳು. "ನೋಡಿದ್ದು ಹೇಳ್ಯಾಳ. ಅಕಿಗೇನ್ ಲಾಭ ಅದ ಇದ್ರಾಗ?"

ಚಾಚಾನ ಬಾಯಲ್ಲಿದ್ದ ಅರ್ಧ ಪ್ರಶ್ನೆ ಅಲ್ಲೇ ಉಳಿಯಿತು. ಅವನು ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡು, ಚೈನನ್ನು ನೆಲದ ಮೇಲಿಟ್ಟು, ಹೊರಗೆ ಹೋದ.

ಅಂದಿನಿಂದ ಒಲೆ ಬೇರೆಯಾಯಿತು. ಚಾಚಿ ತನ್ನ ಸ್ಟೋವನ್ನು ಹಿಂದಿನ ಪಡಸಾಲೆಗೆ ಒಯ್ದಳು. ನಮಗೆ ಅಮ್ಮಿಯ ಕೈಯ ದಪ್ಪ ರೊಟ್ಟಿ, ಅವರಿಗೆ ಚಾಚಿಯ ಉಪ್ಪಿಲ್ಲದ ಪಲ್ಯ. ದಾದಿ ಒಂದು ಹೊತ್ತು ಇಲ್ಲಿ ಒಂದು ಹೊತ್ತು ಅಲ್ಲಿ ಉಂಡು, ಎರಡೂ ಕಡೆ ಬೈದಳು: "ಆ ಕಡೆ ರೊಟ್ಟಿ ಅದ, ಈ ಕಡೆ ಪಲ್ಯ ಅದ. ನಡುವ ನಾ ಒಬ್ಬಾಕಿ ಅಂಗಳ ಸುತ್ತಿ ಸಾಯಾಕತ್ತೇನಿ." ಮೊಸರಿಗೆ ಹೆಪ್ಪು ಮುಗಿದಾಗ ಅಮ್ಮಿ ಹತ್ತು ಹೆಜ್ಜೆ ಆಚೆಯಿದ್ದ ಚಾಚಿಯನ್ನು ಕೇಳದೆ ಓಣಿ ದಾಟಿ ನೀಲವ್ವನಲ್ಲಿಗೆ ಹೋದಳು. ಅದೇ ದಿನಗಳಲ್ಲಿ ಹೊಲಿಗೆ ಡಬ್ಬಿಯ ಸ್ಕ್ರೂಡ್ರೈವರಿನ ಮೂತಿ ಮುರಿದದ್ದನ್ನು ಅಮ್ಮಿ ಕಂಡಳು. ಚಾಚಿ ಅದರಲ್ಲಿ ಕೊಬ್ಬರಿ ಮೀಟಿದ್ದಾಳೆ ಎಂದು ಗೊಣಗಿಕೊಂಡು ಡಬ್ಬಿಯನ್ನು ಸಂದೂಕಿನೊಳಗಿಟ್ಟು ಬೀಗ ಹಾಕಿದಳು. ನಾನು ಅಲ್ಲೇ ಕೂತು ಲೆಕ್ಕ ಮಾಡುತ್ತಿದ್ದೆ.

ಶಾಲೆಗೆ ಹೋಗುವಾಗ ಗ್ಯಾರೇಜು ಕಾಣುತ್ತಿತ್ತು. ಚಾಚಾ ಲಾಕ್ ಹಾಕಿ, ಬಿಚ್ಚಿ, ಮತ್ತೆ ಹಾಕುತ್ತಿದ್ದ. ಗಿರಾಕಿಯನ್ನು ಕರೆದು ಬಗ್ಗಿಸಿ ತೋರಿಸುತ್ತಿದ್ದ: "ನೋಡ್ಕೋರ್ರಿ, ತಲಿ ಹಿಂಗ ಅದ. ಆಮ್ಯಾಲ ಅನಬ್ಯಾಡ್ರಿ." ಕೆಲವರು ನಗುತ್ತಿದ್ದರು. ಒಬ್ಬ ರೈತ, "ಯಾಕಪಾ ಮಹಿಬೂಬ, ಕಲಿಯಾಕ ಕುಂತೀಯೇನು ಈಗ?" ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ನಾನು ಗೆದ್ದ ವಾದದ ಬಹುಮಾನ ಅದು.

ಆದರೆ ಅವನ ಅರ್ಧ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಲಾಕ್ ಎಲ್ಲಿತ್ತು ಎಂದು ಯಾಕೆ ಕೇಳಿದ? ತಪ್ಪು ತಪ್ಪೇ, ಮೇಲಿದ್ದರೇನು ಕೆಳಗಿದ್ದರೇನು? ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದ್ದನೇ ಎಂದು ಮೊದಲು ಅನುಮಾನಿಸಿದೆ. ಆಮೇಲೆ, ತಪ್ಪಿಸಿಕೊಳ್ಳುವವನು ಅಷ್ಟು ಸಣ್ಣ ಪ್ರಶ್ನೆ ಯಾಕೆ ಕೇಳುತ್ತಾನೆ ಎಂದು ಅನುಮಾನಿಸಿದೆ. ಅಮ್ಮಿ ಗಾಡಿಯನ್ನು ಬೇರೊಬ್ಬ ಮೇಸ್ತ್ರಿಯ ಹತ್ತಿರ ಕಳಿಸಿ ಹೊಸ ಚೈನು ಹಾಕಿಸಿ ತರಿಸಿದಳು. ಅದು ನಡುಸ್ಟ್ಯಾಂಡಿನ ಮೇಲೆ, ಹಿಂದಿನ ಗಾಲಿ ನೆಲ ಬಿಟ್ಟು, ತನ್ನ ಎಣ್ಣೆ ಕಲೆಯ ಮೇಲೆ ಬಂದು ನಿಂತಿತು. ರವಿವಾರ ಬೆಳಗ್ಗೆ ಅಬ್ಬಾ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಾಗ ನಾನು ಕೂತು ನೋಡಿದೆ. ಹೊಸ ಮೀನು ಮೇಲಿನ ಎಳೆಯಲ್ಲಿತ್ತು, ತಲೆ ಮುಂದಕ್ಕೆ. ಸರಿ. ಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿದೆ. ಮೀನು ಎಂಜಿನ್ನಿನ ಕಡೆ ಹೋಯಿತು, ಮುಂದಿನ ಹಲ್ಲುಗಾಲಿಯ ಹಿಂದೆ ಮರೆಯಾಯಿತು, ಕೆಳಗಿನಿಂದ ಹೊರಗೆ ಬಂತು. ಬಂದಾಗ ಅದರ ತಲೆ ಹಿಂದಕ್ಕೆ ಇತ್ತು.

ಯಾರೂ ಅದನ್ನು ತಿರುಗಿಸಿರಲಿಲ್ಲ. ಮೇಲೆ ಮುಂದಕ್ಕೆ ಓಡುವ ಚೈನು ಕೆಳಗೆ ಹಿಂದಕ್ಕೆ ಓಡುತ್ತದೆ. ಮೀನು ಯಾವಾಗಲೂ ತಾನು ಹೋಗುವ ಕಡೆಗೇ ನೋಡುತ್ತಿರುತ್ತದೆ. ಗಾಡಿ ಹೋಗುವ ಕಡೆ ಅಂತ ಚಾಚಾ ಹೇಳಿರಲಿಲ್ಲ, ಚೈನ್ ಓಡುವ ಕಡೆ ಅಂದಿದ್ದ. ನಾನು ಇನ್ನೊಮ್ಮೆ ತಿರುಗಿಸಿದೆ. ಮತ್ತೊಮ್ಮೆ. ಎಲ್ಲಾದರೂ ನನ್ನ ಪರವಾಗಿ ಒಂದು ಅಂಶ ಸಿಗುತ್ತದೇನೋ ಎಂದು ನಾಲ್ಕನೇ ಸಲವೂ ತಿರುಗಿಸಿದೆ. ಮೀನು ನಾಲ್ಕು ಸಲವೂ ಅದನ್ನೇ ಹೇಳಿತು.

"ಏನ್ ಹುಡುಕಾಕತ್ತಿ ಬೇ?" ಅಬ್ಬಾ ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಏನಿಲ್ಲ," ಅಂದೆ. ನನಗೆ ತಿಳಿದು ನಾನು ಹೇಳಿದ ಮೊದಲ ಸುಳ್ಳು ಅದು.

ಮಧ್ಯಾಹ್ನ ಅಮ್ಮಿ ಹೊಲಿಗೆ ಮಷೀನಿನ ಮುಂದೆ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಕೈ ಬೆನ್ನ ಹಿಂದೆ ಇಡಲಿಲ್ಲ. ಆದರೂ ಅಭ್ಯಾಸಬಲದಿಂದ ಮೊದಲನೇದು, ಎರಡನೇದು ಎಂದು ಬಾಯಿಗೆ ಬಂದೇಬಿಟ್ಟಿತು. ಅಮ್ಮಿ ಕಾಲು ನಿಲ್ಲಿಸಿ ನನ್ನನ್ನು ಹಾಲಿನ ಹನಿಯಂತೆ ನೋಡಿದಳು.

"ಯಾರು ಕಲಿಸಿ ಕಳಸ್ಯಾರ ನಿನಗ?"

"ಯಾರೂ ಇಲ್ಲ."

"ನಿನ್ನೆ ಆ ಕಡೆ ಕುಂತು ರೊಟ್ಟಿ ತಿನ್ನಾಕತ್ತಿದ್ದಿ. ನಾ ನೋಡಿಲ್ಲ ಅನ್ಕೊಂಡೀಯೇನು? ಅವತ್ತ ಆ ಬಾಯಿಲೆ ಅಂವಂದು ತಪ್ಪು ಅಂದಿ, ಇವತ್ತ ಅದೇ ಬಾಯಿಲೆ ಇಲ್ಲಂತಿ. ಇದೇನು ನಿಮ್ಮ ಸಾಲಿ ಸ್ಪರ್ಧಾ ಅಂತ ತಿಳದೀಯಾ, ಪರಕ್ಕೂ ನೀನೇ, ವಿರೋಧಕ್ಕೂ ನೀನೇ?"

ನಾನು ಗಾಲಿ ತಿರುಗಿಸಿ ತೋರಿಸುತ್ತೇನೆ ಎಂದೆ. ಬೇಡ ಎಂದಳು. ಅಲ್ಲಾನ ಆಣೆ ಎಂದೆ. ಆಣೆ ಇಟ್ಟರೆ ಇನ್ನಷ್ಟು ಅನುಮಾನ ಬರುತ್ತದೆ ಎಂದಳು. ಅಳು ಬಂತು. ಅಳುವೂ ಚೆನ್ನಾಗಿ ಬರುತ್ತದೆ ನಿನಗೆ ಎಂದಳು. ಮಾತಿಗೆ ಹೆಸರಾದವಳ ಮಾತನ್ನು ಅವಳ ತಾಯಿಯೇ ನಂಬದ ಆ ಸ್ಥಿತಿಯನ್ನು ನಾನು ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ನಿಂತಾಗ ನೆನೆಸಿಕೊಂಡಿದ್ದೇನೆ. ಕೊನೆಗೆ ಹೇಳಿದೆ:

"ಸಂದೂಕಿನಾಗಿನ ಸ್ಕ್ರೂಡ್ರೈವರ್ ತೆಗಿ. ಚಾಚಿ ಕೊಬ್ಬರಿ ಮೀಟಿದ್ರ ಅದಕ್ಕ ಚೈನಿನ ಮಸಿ ಎಲ್ಲಿಂದ ಬಂತು?"

ಅಮ್ಮಿ ಬೀಗ ತೆಗೆದಳು. ಮುರಿದ ಮೂತಿಯ ಮೇಲೆ ಹೆಬ್ಬೆರಳು ಎಳೆದಳು, ಬೆರಳನ್ನು ಬೆಳಕಿಗೆ ಹಿಡಿದಳು, ಮೂಸಿದಳು. ಆಮೇಲೆ ನನ್ನ ಬಲಗೈಯನ್ನು ಎಳೆದು ತೋರುಬೆರಳಿನ ಮೇಲೆ ಒಣಗಿದ್ದ ಎರಡು ಗೀರುಗಳನ್ನು ನೋಡಿದಳು. ನನ್ನ ಕೆನ್ನೆಗೆ ಒಂದು ಕೊಟ್ಟಳು. ಆ ಏಟಿನಿಂದ ನನಗೆ ಸಮಾಧಾನವಾಯಿತು, ನಂಬಿದಳೆಂದು ತಿಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅವಳು ಒಂದು ಬಟ್ಟಲು ತೊಳೆದುಕೊಂಡು ಹಿಂದಿನ ಪಡಸಾಲೆಗೆ ಹೋದಳು. ಚಾಚಿ ಒಲೆಯ ಮುಂದೆ ಇದ್ದಳು.

"ಹೆಪ್ಪು ಇತ್ತೇನು?" ಅಮ್ಮಿ ಕೇಳಿದಳು. ಆಮೇಲೆ, ನೆಲ ನೋಡುತ್ತ, "ಹುಡುಗಿ ಮಾಡಿದ್ದದು. ನಾ ಅನಬಾರದಿತ್ತು," ಅಂದಳು.

ಚಾಚಿ ಬಟ್ಟಲು ತೆಗೆದುಕೊಂಡು ತುಂಬಿಸಿದಳು. "ಹೆಪ್ಪು ಒಯ್ರಿ ಆಪಾ. ಒಲಿ ಮಾತ್ರ ಹಿಂಗೇ ಇರ್ಲಿ." ಒಲೆಗಳು ಹಾಗೆಯೇ ಉಳಿದವು, ಈಗಲೂ ಎರಡೇ. ನಾನು ಬಾಯಿಬಿಟ್ಟು ಕೆಡಿಸಿದ್ದನ್ನೆಲ್ಲ ಬಾಯಿಬಿಟ್ಟು ಸರಿಮಾಡಲು ಆಗಲಿಲ್ಲ.

ಗ್ಯಾರೇಜಿಗೆ ನನ್ನನ್ನು ಒಬ್ಬಳನ್ನೇ ಕಳಿಸಿದರು. ಚಾಚಾ ಯಾರದೋ ಗಾಡಿಯ ಕೆಳಗೆ ಕೈ ಹಾಕಿ ಕೂತಿದ್ದ. ನಾನು ಹೇಳುತ್ತ ಹೋದೆ: ಕೆಳಗಿನ ಎಳೆ, ತಲೆ ಹಿಂದೆ, ಸ್ಕ್ರೂಡ್ರೈವರ್. ಅವನು ಬೈಯಲಿಲ್ಲ. ಚಿಂದಿಯಿಂದ ಬೆರಳು ಬೆರಳು ಒರೆಸಿಕೊಂಡು, ಹನ್ನೆರಡು ವರ್ಷದ ಹುಡುಗಿಯಾದ ನನ್ನನ್ನು, ತೀರ್ಪು ಕೊಡುವವರನ್ನು ಕೇಳುವ ಹಾಗೆ ಕೇಳಿದ:

"ಅಂದ್ರ, ನಾ ಹಾಕಿದ್ದು ಸರಿ ಇತ್ತು?"

ಅಷ್ಟು ದಿನ ಅವನು ಮಾಲನ್ನಲ್ಲ, ಅಮ್ಮಿಯನ್ನಲ್ಲ, ನನ್ನನ್ನೂ ಅಲ್ಲ, ತನ್ನ ಕೈಯನ್ನು ಅನುಮಾನಿಸಿಕೊಂಡಿದ್ದ. ಸರಿ ಇತ್ತು ಅಂದೆ. ಅವನು ತಲೆಯಾಡಿಸಿ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದ: "ನೀ ಹಾಕಿದಾಗ ಟಕ್ ಅಂತಾ?"

"ಅಂದಿರಬೇಕು ಅನ್ಕೊಂಡೆ."

"ಹಾಂ," ಎಂದ ಚಾಚಾ, ಮತ್ತೆ ಕೆಲಸಕ್ಕೆ ಬಗ್ಗಿದ.

ಅಬ್ಬಾನ ಕೈ ಕೂಡಿತು, ಸುತ್ತಿಗೆ ಹಿಡಿಯುವಷ್ಟು. ಚಾಚಾ ಮಾತ್ರ ಗಿರಾಕಿಗಳನ್ನು ಬಗ್ಗಿಸಿ ತೋರಿಸುವುದನ್ನು ಬಿಡಲಿಲ್ಲ. ಈಗ ಅದು ಅವನ ಗ್ಯಾರೇಜಿನ ಪದ್ಧತಿ, ಯಾಕೆ ಶುರುವಾಯಿತೆಂದು ಗಿರಾಕಿಗಳಿಗೆ ಗೊತ್ತಿಲ್ಲ. ಹೋದ ತಿಂಗಳು ಅಬ್ಬಾನ ಅದೇ ಹಳೆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋಗಿ ಲಾಕ್ ಹಾಕಿಸಿದೆ. ಅವನಿಗೆ ಈಗ ಕನ್ನಡಕ. ಇಕ್ಕಳದಿಂದ ಕ್ಲಿಪ್ಪು ಒತ್ತಿ, "ಕೇಳಿಸ್ತಾ ವಕೀಲಸಾಬ್?" ಎಂದ.

ಕೇಳಿಸಿತ್ತು. ಹಾಗೆಂದೆ. ಅವನು ಕನ್ನಡಕದ ಮೇಲಿನಿಂದ ನನ್ನನ್ನು ಒಂದು ಗಳಿಗೆ ನೋಡಿ, ಕ್ಲಿಪ್ಪನ್ನು ಬಿಚ್ಚಿ, ಇನ್ನೊಮ್ಮೆ ಒತ್ತಿದ.